ಆಕಾಶ ನೋಡುವ ಮಗು

ಹನ್ನೊಂದನೆಯ ಬಂಗಡೆಯ ಹೊಟ್ಟೆ ಸೀಳಿ, ಕರುಳು ಎಳೆದು, ಕಾದು ಕೂತ ಬೆಕ್ಕಿನತ್ತ ಎಸೆಯಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ‘ಕಿರ್ರ್’ ಅಂತ ಸದ್ದು ಬಂತು. ದುರ್ಗಿಯ ಕೈ ಗಾಳಿಯಲ್ಲೇ ನಿಂತಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಚಾವಡಿಯ ಹೊಸ ಕುರ್ಚಿಯ ಬೆನ್ನು ಹಿಂದಕ್ಕೆ ಹೋದರೆ ಮಾತ್ರ ಬರುವ ಸದ್ದು.

“ಯಾರದು ಒರಗಿದ್ದು?” ಹಿತ್ತಲಿನಿಂದಲೇ ಕೂಗಿದಳು. “ಚಂದನಾ, ನೀ ಒರಗಿದ್ಯೇ?”

“ನಾ ಅಲ್ಲ ಅತ್ತೆ, ಮಾವ!”

“ನಾ ಒರಗ್ಬಹುದಲ್ಲೇ?” ಗಂಡ ವೆಂಕಟ್ರಮಣನ ದನಿ ಕುರ್ಚಿಯ ಆಳದಿಂದ ಬಂತು. “ನಂಗೆಂತ ಬಸುರಾ?”

ಕರುಳು ಬೆಕ್ಕಿಗೆ ಸಿಕ್ಕಿತು. ದುರ್ಗಿ ಹನ್ನೆರಡನೆಯ ಬಂಗಡೆ ಎತ್ತಿಕೊಂಡಳು. ಆದರೆ ಮನಸ್ಸು ಮೀನಿನ ಮೇಲೆ ಇರಲಿಲ್ಲ. ಇವತ್ತು ಮಂಗಳವಾರ. ಮತ್ತೆ ಆಸ್ಪತ್ರೆಗೆ ಹೋಗಬೇಕಾದ ಗುರುವಾರಕ್ಕೆ ಉಳಿದದ್ದು ಎರಡೇ ದಿನ. ಅಷ್ಟರಲ್ಲಿ ಸೊಸೆಯ ಹೊಟ್ಟೆಯೊಳಗಿನ ಜೀವ ಮಗ್ಗುಲು ಬದಲಿಸಬೇಕಿತ್ತು.

ಕುರ್ಚಿಯ ಕತೆ ದೊಡ್ಡದು. ಚಂದನಾಗೆ ಮೂರು ತಿಂಗಳು ಅಂತ ಗೊತ್ತಾದ ವಾರವೇ ದುರ್ಗಿ ಮಗ ಪ್ರಕಾಶನನ್ನು ಕುಮಟೆಗೆ ಅಟ್ಟಿ ತರಿಸಿದ್ದು. ಅಘನಾಶಿನಿಯಲ್ಲಿ ತಾರಿ ದೋಣಿ ಹತ್ತಿಸಿ, ಹೊಳೆ ದಾಟಿಸಿ, ತದಡಿಯ ದಕ್ಕೆಯಿಂದ ಮನೆಯ ತನಕ ಪ್ರಕಾಶ ಅದನ್ನು ತಲೆಯ ಮೇಲೆ ಬೋರಲು ಹೊತ್ತು ತಂದ. ದಾರಿಯಲ್ಲಿ ಕೇಳದವರಿಲ್ಲ. ಮೂರು ಹಂತದಲ್ಲಿ ಹಿಂದಕ್ಕೆ ಹೋಗುವ, ಕಾಲು ಚಾಚಲು ಬೇರೆಯೇ ಹಲಗೆ ಇರುವ ಕುರ್ಚಿ ಅದು. “ನನ್ನ ಸೊಸೆಗೆ” ಅಂತ ದುರ್ಗಿ ಎಲ್ಲರಿಗೂ ಹೇಳಿದಳು. ತಾನು ತುಂಬು ತಿಂಗಳಲ್ಲಿ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಊರೂರು ತಿರುಗಿದವಳು. ಪ್ರಕಾಶ ಹುಟ್ಟುವಾಗ ಎರಡು ಹಗಲು ಎರಡು ರಾತ್ರಿ ಬೆನ್ನನ್ನು ದೋಣಿಯ ಹುಟ್ಟಿನಿಂದ ಮೀಟಿದ ಹಾಗೆ ನೋವು ತಿಂದವಳು. ಹದಿನೈದನೇ ದಿನಕ್ಕೆ ಮತ್ತೆ ಬುಟ್ಟಿ. ಆಮೇಲಿಂದ ಇಪ್ಪತ್ತೆಂಟು ವರ್ಷ, ಸಂಜೆಯಾಗುತ್ತಿದ್ದಂತೆ ಕೆಳಗೆ ಏನೋ ಜಾರಿ ಹೊರಗೆ ಬರುವ ಹಾಗೆ ಭಾರ. ಸೀರೆ ಬಿಗಿದು ಉಟ್ಟು, ಒಂದು ಬದಿಗೆ ಕೂತು, ಸುಮ್ಮನೆ ಇದ್ದುಬಿಟ್ಟವಳು. ಗಂಡನಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ ಅಂತಲೇ ಗೊತ್ತಿರಲಿಲ್ಲ. ತನ್ನ ಸೊಸೆ ಹೊರಬಾರದು, ಬಗ್ಗಬಾರದು, ಒರಗಿ ಕೂತು ಹಣ್ಣು ತಿನ್ನಬೇಕು ಅಂತ ಮಾತ್ರ ಅವಳಿಗೆ ಖಚಿತವಿತ್ತು.

ಚಂದನಾ ಒರಗಿದಳು. ಐದು ತಿಂಗಳು ಒರಗಿಯೇ ಒರಗಿದಳು.

ಕಳೆದ ಗುರುವಾರ ಕುಮಟೆಯ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಎಲ್ಲ ಸರಿಯಿದೆ ಅಂದರು. ಆಮೇಲೆ ನರ್ಸ್ ಸರೋಜಾ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು, ಹಿಟ್ಟು ತಟ್ಟುವವರ ಹಾಗೆ ಮೆಲ್ಲಗೆ ಒತ್ತಿ, “ತಲೆ ಕೆಳಗೇ ಉಂಟು, ಒಳ್ಳೇದು. ಆದ್ರೆ ಇದರ ಬೆನ್ನು ನಿನ್ನ ಬೆನ್ನಿಗೆ ತಾಗಿಕೊಂಡಿದೆ. ನೀನು ಮಲಗಿದ್ರೆ ಇದು ಆಕಾಶ ನೋಡ್ತದೆ” ಅಂದಳು.

“ಅಂದ್ರೆ?” ಅಂದಳು ದುರ್ಗಿ.

“ಹೆದರೂದೇನಿಲ್ಲ. ಎಷ್ಟೋ ಮಕ್ಕಳು ನೋವು ಶುರುವಾದ ಮೇಲೂ ತಿರುಗ್ತಾವೆ. ತಿರುಗದಿದ್ರೆ ಹೆರಿಗೆ ಉದ್ದ ಹೋಗಬಹುದು, ಬೆನ್ನುನೋವು ಜಾಸ್ತಿ. ಮೊದಲೇ ತಿರುಗಿದ್ರೆ ಇವಳಿಗೆ ಸುಲಭ.” ಸರೋಜಾ ಚಂದನಾಳನ್ನು ಕೇಳಿದಳು: “ಮನೇಲಿ ಹೇಗೆ ಕೂತ್ಕೊಳ್ತೀ?”

ಉತ್ತರ ಕೊಟ್ಟವಳು ದುರ್ಗಿ. ಅದಕ್ಕಾಗಿಯೇ ಐದು ತಿಂಗಳು ಕಾದವಳ ಹಾಗೆ ಎದೆಯುಬ್ಬಿಸಿ ಹೇಳಿದಳು. “ಕೂತ್ಕಳ್ಳೂದೆಂತ, ಒರಗೂದೇ! ಕುರ್ಚಿ ತರ್ಸಿದ್ದೇವೆ. ಮೂರು ಹಂತ ಹಿಂದೆ ಹೋಗ್ತದೆ.”

“ಅದೇ ಬೇಡ” ಅಂದಳು ಸರೋಜಾ.

ಮಗುವಿನ ಬೆನ್ನು ಭಾರ. ತಾಯಿ ಹಿಂದಕ್ಕೆ ಒರಗಿದರೆ ಅದೂ ಹಿಂದಕ್ಕೆ ಜಾರುತ್ತದೆ. ಮುಂದಕ್ಕೆ ಬಾಗಿದರೆ ಹೊಟ್ಟೆ ತೊಟ್ಟಿಲಿನ ಹಾಗೆ ಜೋತು, ಬೆನ್ನು ಮುಂದಕ್ಕೆ ಬರಲು ಜಾಗ ಸಿಗುತ್ತದೆ. ಮಂಡಿಯ ಕೆಳಗೆ ದಿಂಬು ಹಾಕಿ, ಕೈಯೂರಿ, ದಿನಕ್ಕೆ ಎರಡು ಮೂರು ಸಲ ಹತ್ತು ಹತ್ತು ನಿಮಿಷ. ಸುಸ್ತಾದರೆ ನಿಲ್ಲಿಸಬೇಕು. ಖಾತ್ರಿ ಅಂತ ಹೇಳಲಾರೆ, ಮಾಡಿದರೆ ತೊಂದರೆಯಂತೂ ಇಲ್ಲ. ಇಷ್ಟೆಲ್ಲ ಹೇಳಿ ಸರೋಜಾ ಕೊನೆಗೆ, “ಮೊದಲಿನವರು ಮಂಡಿಯೂರಿ ನೆಲ ಒರೆಸ್ತಿದ್ರಲ್ಲ, ಹಾಗೆಯೇ” ಅಂದಳು. ಎದ್ದು ಹೊರಡುವಾಗ ದುರ್ಗಿಯನ್ನೇ ನೋಡಿ, “ನೀವ್ಯಾಕೆ ಹಾಗೆ ಒಂದು ಬದಿಗೆ ಕೂತದ್ದು?” ಅಂತಲೂ ಕೇಳಿದಳು.

“ಬಸ್ಸಲ್ಲಿ ಕೂತು ಕೂತು” ಅಂದಳು ದುರ್ಗಿ.

ಪ್ರಕಾಶ ಹತ್ತು ದಿನಕ್ಕೆಂದು ಬೋಟಿನಲ್ಲಿ ಕಡಲಿಗೆ ಹೋಗಿದ್ದ. ಮನೆಗೆ ಬಂದು ಸುದ್ದಿ ಹೇಳಿದಾಗ ಬಲೆ ಹೆಣೆಯುತ್ತ ಕೂತಿದ್ದ ವೆಂಕಟ್ರಮಣ ಒಂದು ನಿಮಿಷ ಯೋಚಿಸಿದ. “ಆಕಾಶ ನೋಡ್ತದ್ಯಾ? ನೋಡ್ಲಿ ಬಿಡು. ಕಡಲಿಗೆ ಇಳಿಯೂ ಮುಂಚೆ ಮೋಡ ನೋಡ್ತದೆ. ನಮ್ಮದೇ ರಕ್ತ.” ಆಮೇಲೆ ಗಂಭೀರವಾಗಿ, “ನರ್ಸಮ್ಮ ಹೇಳಿದ್ದು ಸರಿಯೇಯ. ದೋಣಿಲೂ ಭಾರ ಇದ್ದ ಬದಿಯೇ ಕೆಳಗೆ ಬರೂದು” ಅಂದ. ಅಂದಿನಿಂದ ಕುರ್ಚಿ ಅವನದಾಯಿತು.

ಸೊಸೆಯನ್ನು ಒರಗದ ಹಾಗೆ ನೋಡಿಕೊಳ್ಳುವುದು ದುರ್ಗಿಗೆ ಕಷ್ಟವಾಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದುಮುಂದು ಮಾಡಿ, ಅದರ ಬೆನ್ನನ್ನು ಅಪ್ಪಿಕೊಂಡು ಕೂರುವುದನ್ನು ಚಂದನಾ ಒಂದೇ ದಿನಕ್ಕೆ ಕಲಿತಳು. ಕಷ್ಟವಾದದ್ದು ನೆಲದಲ್ಲಿ ಮಂಡಿಯೂರಿಸುವುದು. ತದಡಿಯಲ್ಲಿ ಹಗಲು ಬಾಗಿಲು ಹಾಕುವವರಿಲ್ಲ. ಹಾಕಿದರೆ ಒಳಗೆ ಜಗಳವೋ ಜ್ವರವೋ ಅಂತ ಹತ್ತು ಜನ ಬಂದು ತಟ್ಟುತ್ತಾರೆ. ತೆರೆದಿಟ್ಟರೆ ತುಂಬು ಬಸುರಿ ಸೊಸೆ ನಾಲ್ಕು ಕಾಲಲ್ಲಿ ನೆಲ ಒರೆಸುವುದು ಬೀದಿಗೇ ಕಾಣುತ್ತದೆ. ‘ಕುರ್ಚಿ ತರ್ಸಿದ್ದು ಊರಿಗೆ ತೋರ್ಸೂಕೆ, ಒಳಗೆ ಮಾಡಿಸೂದು ಇದು’ ಅನ್ನುತ್ತಾರೆ. ಚಂದನಾಳ ಅಮ್ಮ ಸುಮಿತಳ ಕಿವಿಗೆ ಬಿದ್ದರೆ? ಸುಮಿತ ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮನೆಗೆ ಬಂದರೆ ಗೋಡೆ, ಕಿಟಕಿ, ಮಗಳ ಕೆನ್ನೆ ಎಲ್ಲವನ್ನೂ ಕಣ್ಣಲ್ಲೇ ಟೇಪು ಹಿಡಿದು ಅಳೆಯುವವಳು. ಬುಧವಾರ ಬಂದು, ಗುರುವಾರ ಆಸ್ಪತ್ರೆಗೆ ಜೊತೆಗೆ ಬಂದು, ಅಲ್ಲಿಂದಲೇ ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು.

ಹಾಗಾಗಿ ನಾಲ್ಕು ದಿನ ಅಡುಗೆಮನೆಯ ಮೂಲೆಯಲ್ಲಿ ಕದ್ದುಮುಚ್ಚಿ ನಡೆಯಿತು. ಚಂದನಾ ಕೈಯೂರಿ ಎರಡು ನಿಮಿಷ ಆಗುವಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. “ಏಳೇ, ಏಳೇ!” ಅಂತ ದುರ್ಗಿ ಎಬ್ಬಿಸುವಳು. ಮಗು ಆಕಾಶ ನೋಡುತ್ತಲೇ ಇತ್ತು.

ಮಂಗಳವಾರ ಬಂಗಡೆಗೆ ಉಪ್ಪು ಅರಿಶಿನ ಸವರಿ ಮುಚ್ಚಿಟ್ಟು, ಕೈ ತೊಳೆದು ಒಳಗೆ ಬಂದ ದುರ್ಗಿ ಗಡಿಯಾರ ನೋಡಿದಳು. ಮೂರೂವರೆ. ಬೋಟುಗಳು ಬರುವ ಹೊತ್ತು. ಕೇರಿಯ ಹೆಂಗಸರೆಲ್ಲ ದಕ್ಕೆಯಲ್ಲಿರುತ್ತಾರೆ. ಎರಡು ರಾತ್ರಿ ಎರಡು ಹಗಲಿನ ಆ ನೋವು ನೆನಪಾಗಿ ಬೆನ್ನು ಝುಮ್ಮೆಂದಿತು. ಯಾರು ಏನಾದರೂ ಅಂದುಕೊಳ್ಳಲಿ.

“ಬಾರೇ ಚಂದನಾ. ಇವತ್ತು ಚಾವಡಿಯಲ್ಲೇ ಮಾಡುವ, ಪೂರ್ತಿ ಹತ್ತು ನಿಮಿಷ. ನೀವು ಜಗಲಿಗೆ ಹೋಗಿ, ಕಾವಲು ಕೂತ್ಕಣಿ.”

ವೆಂಕಟ್ರಮಣ ಜಗಲಿಗೆ ಹೋದ. ಕೂತ ಮೂರನೆಯ ನಿಮಿಷಕ್ಕೆ ಅವನಿಗೆ ನಿದ್ದೆ ಹತ್ತಿತು.

ಚಂದನಾ ದಿಂಬಿನ ಮೇಲೆ ಮಂಡಿಯೂರಿ, ಒಣಬಟ್ಟೆ ಹಿಡಿದು, ಪ್ರಕಾಶ ಹೋದ ವರ್ಷ ಹಾಕಿಸಿದ ಹೂವಿನ ಟೈಲ್ಸನ್ನು ಉಜ್ಜತೊಡಗಿದಳು. ಹೊಟ್ಟೆ ಜೋತು ಆಚೀಚೆ ತೂಗಿತು. “ಹಿತ ಆಗ್ತದೆ ಅತ್ತೆ, ಬೆನ್ನು ಬಿಟ್ಕೊಂಡ ಹಾಗೆ” ಅಂದಳು. “ಮಾತಾಡ್ಬೇಡ, ಉಜ್ಜು” ಅಂದಳು ದುರ್ಗಿ, ಎರಡೂ ಕೈಯಲ್ಲಿ ದೋಣಿಗೆ ದಿಕ್ಕು ತೋರಿಸುವವರ ಹಾಗೆ.

“ಅಯ್ಯಯ್ಯೋ! ಎಂತ ಮಾಡಿಸ್ತಿದ್ಯೇ ದುರ್ಗಿ, ತುಂಬಿದ ಬಸುರಿ ಹತ್ರ?”

ಪಕ್ಕದ ಮನೆಯ ಸೋಮಿ. ಹಿತ್ತಲ ಬಾಗಿಲಿಂದ ಬಂದಿದ್ದಳು. ಜಗಲಿಗೆ ಕಾವಲು ಹಾಕಿದ ದುರ್ಗಿಗೆ ಹಿತ್ತಲು ಹೊಳೆದಿರಲೇ ಇಲ್ಲ. ಸೋಮಿಗೆ ಗೊತ್ತಾದದ್ದು ಸಂಜೆಯೊಳಗೆ ಧಾರೇಶ್ವರದ ತನಕ ಹೋಗುತ್ತದೆ. ದುರ್ಗಿಯ ಬಾಯಿ, ಅವಳನ್ನು ಕೇಳದೆ, ತಾನೇ ತೆರೆದುಕೊಂಡಿತು.

“ಬೆಂಡೋಲೆ! ಇವಳ ಕಿವಿಯ ಬೆಂಡೋಲೆ ಬಿದ್ಹೋತು. ಹುಡುಕ್ತಾ ಇದ್ದಾಳೆ.”

“ಬಂಗಾರದ್ದಾ?”

“ಮತ್ತೆ? ಅವಳಮ್ಮ ಕೊಟ್ಟದ್ದು” ಅಂದುಬಿಟ್ಟಳು ದುರ್ಗಿ. ಸುಳ್ಳಿಗೆ ಅಷ್ಟು ಅಲಂಕಾರ ಬೇಕಿರಲಿಲ್ಲ.

ಸೋಮಿ ಕೈಯಲ್ಲಿದ್ದ ಪಾತ್ರೆ ಇಟ್ಟು ಸೀರೆ ಎತ್ತಿಕಟ್ಟಿ ನೆಲಕ್ಕೆ ಇಳಿದೇಬಿಟ್ಟಳು. ಎರಡೂ ಬೆಂಡೋಲೆ ಕಿವಿಯಲ್ಲೇ ಇದ್ದ ಚಂದನಾ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದಳು. ಅವಳಿಗೆ ಮೊದಲೇ ನಗುವಿನ ಕಾಯಿಲೆ. ಮದುವೆಯ ಮಂಟಪದಲ್ಲೂ ನಕ್ಕವಳು. ಈಗ ಭುಜ ಕುಲುಕತೊಡಗಿತು.

“ಅಳ್ಬೇಡವೇ ತಂಗೀ” ಸೋಮಿ ಅವಳ ಬೆನ್ನು ಸವರಿದಳು. “ಈ ಹೊತ್ತಲ್ಲಿ ಅಳ್ಬಾರ್ದು. ಸಿಗ್ತದೆ. ವೆಂಕಟ್ರಮಣಣ್ಣಾ, ಬ್ಯಾಟ್ರಿ ತಕಂಡು ಬನ್ನಿ!”

ವೆಂಕಟ್ರಮಣ ಬೆಚ್ಚಿ ಎದ್ದು ಟಾರ್ಚ್ ತಂದ. ಏನು ಕಳೆದಿದೆ ಅಂತ ಕೇಳದೆಯೇ ಕುರ್ಚಿಯ ಅಡಿಗೆ ಬೆಳಕು ಬಿಟ್ಟ. ಅವನ ಪಾಲಿಗೆ ಮನೆಯಲ್ಲಿ ಕಳೆಯಬಾರದ ವಸ್ತು ಅದೊಂದೇ. ದುರ್ಗಿ ಅವನಿಗೆ ಕಣ್ಣು ಮಿಟುಕಿಸಿದಳು. “ಕಣ್ಣಿಗೆ ಎಂತ ಬಿತ್ತೇ?” ಅಂತ ಟಾರ್ಚನ್ನು ಅವಳ ಮುಖಕ್ಕೇ ಹಿಡಿದ.

ಆಗ ಜಗಲಿಯ ಮೆಟ್ಟಿಲ ಮೇಲೆ ಒಂದು ನೆರಳು ಬಿತ್ತು. ನಾಳೆ ಬರಬೇಕಿದ್ದ ಸುಮಿತ ಇವತ್ತೇ ಬಂದಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಅರಿಶಿನೆಲೆ ಕಡುಬಿನ ಸ್ಟೀಲ್ ಡಬ್ಬಿ. ಕಣ್ಣೆದುರು ಮಗಳು ನಾಲ್ಕು ಕಾಲಲ್ಲಿ, ಪಕ್ಕದಲ್ಲಿ ಸೋಮಿ ನಾಲ್ಕು ಕಾಲಲ್ಲಿ, ಬೀಗರ ಅರ್ಧ ದೇಹ ಕುರ್ಚಿಯ ಕೆಳಗೆ, ನೆಟ್ಟಗೆ ನಿಂತವಳು ಬೀಗಿತ್ತಿ ಒಬ್ಬಳೇ, ಸೊಂಟಕ್ಕೆ ಕೈಕೊಟ್ಟು.

“ಎಂತ ಆತು?” ಅಂದಳು ಸುಮಿತ. ದುರ್ಗಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

“ನೀವು ಕೊಟ್ಟ ಬೆಂಡೋಲೆ ಬಿದ್ಹೋಗಿದೆ!” ಸೋಮಿಯೇ ಹೇಳಿದಳು.

ಡಬ್ಬಿ ಜಗಲಿಯ ಮೇಲೆ, ಚೀಲ ಬಾಗಿಲಲ್ಲಿ, ಸುಮಿತ ನೆಲದಲ್ಲಿ. “ಹೀಗೆಲ್ಲ ಹುಡುಕಿದ್ರೆ ಸಿಗೂದಿಲ್ಲ” ಅಂದಳು. “ನಾವು ಅಂಗಡಿಲಿ ಸೂಜಿ ಬಿದ್ರೆ ಸಾಲಾಗಿ ಹುಡುಕೂದು. ಗೋಡೆಯಿಂದ ಗೋಡೆಗೆ. ಬನ್ನಿ ಎಲ್ಲ! ಬೀಗಿತ್ತೀ, ನೀವೂ. ಅಂಗೈಲಿ ಸವರ್ತಾ ಬರ್ಬೇಕು. ಚಂದನಾ, ನೀ ಎದ್ದು ಕೂತ್ಕೋ.”

“ಬೇಡಮ್ಮ” ಮಗಳ ದನಿ ನಗುವಿಗೆ ಉಸಿರುಕಟ್ಟಿ ಕೀರಲಾಗಿತ್ತು. “ನಂಗೆ ಹೀಗೇ ಹಿತ.”

“ಪಾಪ, ಬಂಗಾರದ ಮೇಲೆ ಎಷ್ಟು ಜೀವ!” ಅಂದಳು ಸೋಮಿ.

ಬೇರೆ ದಾರಿ ಇರಲಿಲ್ಲ. ದುರ್ಗಿಯೂ ಇಳಿದಳು. ಪೂರ್ವದ ಗೋಡೆಯಿಂದ ಐದು ಜನರ ಸಾಲು ಹೊರಟಿತು. ಸುಮಿತ ಮುಂದಾಳು. “ನಿಧಾನ, ನಿಧಾನ, ಸಾಲು ತಪ್ಪಬಾರ್ದು.” ಟೈಲ್ಸಿನ ಒಂದೊಂದು ಹೂವನ್ನೂ ಐದು ಜೊತೆ ಕೈಗಳು ಸವರಿದವು. ಬಾಗಿಲಲ್ಲಿ ಬೆಕ್ಕು ಬಂದು ನಿಂತು, ತನ್ನ ಹಾಗೆಯೇ ನಡೆಯುವ ಇಷ್ಟು ಜನರನ್ನು ಕಂಡು, ಒಳಗೆ ಬರಲೋ ಬೇಡವೋ ಅಂತ ಬಾಲ ಅಲ್ಲಾಡಿಸಿತು. ಮಂಚದ ಹತ್ತಿರ ಬಂದಾಗ “ಅಡಿಯಲ್ಲಿ ನೋಡಿ ಬೀಗಿತ್ತೀ” ಅಂದಳು ಸುಮಿತ. ದುರ್ಗಿ ಮೊಣಕೈಯೂರಿ, ಕೆನ್ನೆಯನ್ನು ತಣ್ಣನೆಯ ಟೈಲ್ಸಿಗೆ ತಾಗಿಸಿ, ಸೊಂಟ ಮೇಲೆ ಮಾಡಿ ಮಂಚದಡಿಗೆ ಇಣುಕಿದಳು.

ಆಗ ಅದು ಆಯಿತು. ಕೆಳಗೆ ಜೋತಿದ್ದ ಭಾರ ಮೆಲ್ಲಗೆ ಒಳಗೆ ಸರಿದು, ಇರಬೇಕಾದ ಜಾಗದಲ್ಲಿ ಹೋಗಿ ಕೂತ ಹಾಗಾಯಿತು. ರಾತ್ರಿ ಮಲಗಿದರೆ ಒಂದಿಷ್ಟು ಹಗುರಾಗುವುದು ಅವಳಿಗೆ ಗೊತ್ತಿತ್ತು. ಇದು ಹಾಗಲ್ಲ. ಇದು ಪ್ರಕಾಶ ಹುಟ್ಟುವ ಮುಂಚಿನ ಮೈ. ಅಂಥದೊಂದು ಮೈ ತನಗೆ ಇತ್ತು ಅನ್ನುವುದೇ ಮರೆತುಹೋಗಿತ್ತು. ಮಂಚದಡಿಯ ಕತ್ತಲಲ್ಲಿ ಒಂದು ಹಳೇ ಗುಂಡಿ, ಬಲೆಯ ದಾರದ ತುಂಡು, ಒಂದು ಮಾತ್ರೆ ಕಾಣಿಸಿದವು. ದುರ್ಗಿ ಅವನ್ನೇ ನೋಡುತ್ತ ಅಲ್ಲೇ ಉಳಿದಳು. ಮೇಲೇಳಲು ಮನಸ್ಸಾಗಲಿಲ್ಲ.

“ಸಿಕ್ತಾ?” ಸುಮಿತಳ ಕೂಗು.

“ಸಿಕ್ಕಿಲ್ಲ. ಇನ್ನೂ ಸ್ವಲ್ಪ ನೋಡ್ತೆ.”

ಸುಮಿತ ಮಗಳ ಮುಖಕ್ಕೆ ಬಿದ್ದ ಕೂದಲನ್ನು ಸರಿಸಲು ಕೈ ಚಾಚಿದ್ದು ಆಗಲೇ. ಒಂದು ಕಿವಿ ನೋಡಿದಳು. ಮಗಳ ಗಲ್ಲ ಹಿಡಿದು ಇನ್ನೊಂದು ಕಿವಿ ನೋಡಿದಳು.

“ಎರಡೂ ಕಿವಿಲೇ ಅದ್ಯಲ್ಲೇ!”

ಚಂದನಾ ಇನ್ನು ತಡೆಯಲಾರದೆ ದಿಂಬಿಗೆ ಮುಖ ಒತ್ತಿ ಹೋ ಎಂದು ನಕ್ಕಳು. ವೆಂಕಟ್ರಮಣ ಟಾರ್ಚ್ ಆರಿಸಿ, “ಹಂಗಾದ್ರೆ ನಾ ಹುಡುಕಿದ್ದು ಎಂತ?” ಅಂದ. ದುರ್ಗಿ ಮಂಚದಡಿಯಿಂದ ಹೊರಬಂದು ನೆಲದಲ್ಲೇ ಕೂತು, ನರ್ಸ್ ಹೇಳಿದ್ದು, ಆಕಾಶ, ಬೆನ್ನು, ನಾಲ್ಕು ದಿನದ ಅಡುಗೆಮನೆ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. “ಮಗಳ ಹತ್ರ ನೆಲ ಒರೆಸಿಸ್ತಾಳೆ ಅಂತ ನೀವು ತಿಳ್ಕಂಡ್ರೆ ನಾ ಎಲ್ಲಿ ಮುಖ ಇಡೂದು? ಅದ್ಕೇ ಬಾಯಿಗೆ ಬಂದದ್ದು ಹೇಳ್ದೆ.”

ಸುಮಿತ ಗೋಡೆಗೆ ಒರಗಿದಳು. ಅವಳ ಕಣ್ಣು ಕುರ್ಚಿಯನ್ನು ಅಳೆಯಿತು.

“ಮೂರು ಹಂತ ಹೋಗ್ತದೆ ಅಂದ್ರಲ್ಲ, ಇದೇಯಾ?” ಅಂದಳು ಸುಮಿತ. “ಇದು ಬಂದದ್ದು ಕೇಳಿ ನಂಗೆ ನಿದ್ದೆ ಬರ್ಲಿಲ್ಲ ಬೀಗಿತ್ತೀ. ತವರಲ್ಲಿ ಅದಕ್ಕಿಂತ ಕಡಿಮೆ ಆಗ್ಬಾರ್ದು ಅಂತ ಹತ್ತಿಯ ದಿಂಬು ಹೊಲ್ದೆ. ಒಂದಲ್ಲ, ಆರು! ಗೋಡೆಗೆ ಒರಗಿಸಿ ರಾಣಿ ಹಾಗೆ ಕೂರಿಸ್ಬೇಕು ಅಂತ.”

ದುರ್ಗಿ ಅವಳ ಮುಖ ನೋಡಿದಳು. ಸುಮಿತ ದುರ್ಗಿಯ ಮುಖ ನೋಡಿದಳು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಆಮೇಲೆ ಯಾರೂ ನಿಲ್ಲಿಸಲಿಲ್ಲ. ಸೋಮಿ ಕಣ್ಣೊರೆಸಿಕೊಳ್ಳುತ್ತ, “ಆರೂ ದಿಂಬು ಮಂಡಿ ಅಡಿಗೆ ಹಾಕ್ರೇ!” ಅಂದಳು. ಅದಕ್ಕೆ ಇನ್ನೊಂದು ಸುತ್ತು ನಗು. ಆ ನಗುವಿನ ಮಧ್ಯೆ ಚಂದನಾ “ಅಮ್ಮಾ!” ಅಂತ ಕೂಗಿ ಹೊಟ್ಟೆ ಹಿಡಿದುಕೊಂಡಳು. ಎಲ್ಲರೂ ತಣ್ಣಗಾದರು.

“ನೋವಲ್ಲ” ಅಂದಳು ಚಂದನಾ, ಕಣ್ಣು ಅಗಲಿಸಿ. “ನೋಡಿ, ನೋಡಿ ಇಲ್ಲಿ.”

ನೈಟಿಯ ಕೆಳಗೆ ಹೊಟ್ಟೆಯ ಬಲಭಾಗದಿಂದ ಒಂದು ದೊಡ್ಡ ಉಬ್ಬು ಎದ್ದು, ಬಲೆಯೊಳಗೆ ತಿರುಗುವ ಭಾರೀ ಮೀನಿನ ಹಾಗೆ ನಿಧಾನವಾಗಿ ಎಡಕ್ಕೆ ಸಾಗಿ, ಅಲ್ಲೇ ನಿಂತಿತು.

“ಮೋಡ ನೋಡಿ ಆತು” ಅಂದ ವೆಂಕಟ್ರಮಣ. “ಇನ್ನು ಹೊರಡ್ತದೆ.”

ಗುರುವಾರ ಸರೋಜಾ ಅಂಗೈ ಇಟ್ಟು ಹುಡುಕಿ, ಮುಗುಳ್ನಕ್ಕಳು. “ಬೆನ್ನು ಮುಂದೆ ಬಂದಿದೆ. ಎಡಕ್ಕೆ. ಎಷ್ಟು ಚೆಂದ ಕೂತಿದೆ ನೋಡಿ.” ಸುಮಿತ ತನ್ನ ಸಾಲಿನ ಶಿಸ್ತಿನಿಂದ ಹಾಗಾಯಿತು ಅಂದಳು. ಬೆಳಿಗ್ಗೆ ಇವರು ಹೊರಡುವಾಗ ವೆಂಕಟ್ರಮಣ ಜಗಲಿಯಲ್ಲೇ ನಿಂತು, ಟಾರ್ಚಿನ ಬೆಳಕು ಕಂಡೇ ತಿರುಗಿದ್ದು ಅಂದಿದ್ದ. “ತಾನಾಗೇ ತಿರುಗಿರಲೂಬಹುದು, ಮತ್ತೆ ತಿರುಗಲೂಬಹುದು. ಹೊನ್ನಾವರದಲ್ಲೂ ಒರಗಬೇಡ” ಅಂದಳು ಸರೋಜಾ. “ಇಲ್ಲ, ದಿಂಬೆಲ್ಲ ಬಿಚ್ಚಿ ಕೂಸಿಗೆ ಹಾಸಿಗೆ ಮಾಡ್ತೆ” ಅಂದಳು ಸುಮಿತ.

ತಾಯಿ ಮಗಳು ಹೊರಗೆ ಹೋದ ಮೇಲೆ ಸರೋಜಾ ದುರ್ಗಿಯನ್ನು ತಡೆದಳು. “ಇವತ್ತೂ ಒಂದು ಬದಿಗೇ ಕೂತಿದ್ರಿ.”

“ಬಸ್ಸಲ್ಲಿ...” ಅಂತ ದುರ್ಗಿ ಶುರುಮಾಡಿದಳು.

“ಸೋಮವಾರ ಬಸುರಿ ಅಲ್ಲದ ದೊಡ್ಡ ಹೆಂಗಸರನ್ನೂ ನೋಡ್ತಾರೆ ಇಲ್ಲಿ. ಡಾಕ್ಟರೂ ಹೆಂಗಸೇ. ಸುಮ್ನೆ ಹೇಳ್ದೆ” ಅಂದು ಸರೋಜಾ ಮುಂದಿನವರ ಚೀಟಿ ಎತ್ತಿಕೊಂಡಳು.

ಹೊನ್ನಾವರದ ಬಸ್ಸಿನ ಕಿಟಕಿಯಿಂದ ಚಂದನಾ ತನ್ನ ಬೆಂಡೋಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ದುರ್ಗಿ ಒಬ್ಬಳೇ ನಿಂತು ನಕ್ಕಳು. ತಾರಿಯಲ್ಲಿ ಹೊಳೆ ದಾಟುವಾಗಲೂ ನಗು ಬಂತು. ಪಕ್ಕದವರು ನೋಡಿದರು. ನೋಡಲಿ.

ಮನೆಯಲ್ಲಿ ಕುರ್ಚಿಯ ಮೇಲಿದ್ದ ವೆಂಕಟ್ರಮಣ ಅವಳನ್ನು ಕಂಡು ಎದ್ದ. “ಕೂತ್ಕಾ ಬಾ. ಸೊಸೆ ಇಲ್ಲ, ಈಗ ಯಾರು ಕೇಳ್ತಾರೆ?”

ದುರ್ಗಿ ಕೂತಳು. ಐದು ತಿಂಗಳಲ್ಲಿ ಮೊದಲ ಸಲ. ಒಂದು ಹಂತ, ಎರಡು ಹಂತ, ಕಿರ್ರ್. ಕಾಲು ಚಾಚಿದಳು. ಮೇಲೆ ಹೆಂಚು, ಹೆಂಚಿನ ನಡುವೆ ಗಾಜು, ಗಾಜಿನಲ್ಲಿ ಆಕಾಶದ ಒಂದು ತುಂಡು. ತುಂಬ ಹೊತ್ತು ಅದನ್ನೇ ನೋಡಿದಳು.

“ಸೋಮವಾರ ಧಾರೇಶ್ವರದ ಕಡೆ ಮೀನು ತಕಂಡು ಹೋಗ್ತ್ಯಾ?” ವೆಂಕಟ್ರಮಣ ಬಲೆ ಕೈಗೆತ್ತಿಕೊಳ್ಳುತ್ತ ಕೇಳಿದ.

“ನೋಡುವ” ಅಂದಳು.

ಸ್ವಲ್ಪ ಹೊತ್ತಿಗೆ ಎದ್ದು ಹಿತ್ತಲಿಗೆ ಹೋದಳು. ಮೀನುಬುಟ್ಟಿಯನ್ನು ಎರಡು ಸಲ ತೊಳೆದು, ನೀರು ಕೊಡವಿ, ಬಾವಿಕಟ್ಟೆಯ ಮೇಲೆ ಬೋರಲು ಹಾಕಿದಳು. ಬೆಕ್ಕು ಬಂದು ಮೂಸಿ ನೋಡಿತು. ನಾಳೆ ನಾಡಿದ್ದು ಎತ್ತಬೇಕಾದೀತು. ಸೋಮವಾರ ಬೆಳಿಗ್ಗೆ ಮಾತ್ರ ಬುಟ್ಟಿ ಹೀಗೇ ಬೋರಲಾಗಿರಲಿ ಅಂದುಕೊಂಡಳು. ಕುಮಟೆಯ ಕಡೆಗೆ ಮೊದಲ ತಾರಿ ಆರೂವರೆಗೆ.

“ಅಲ್ಲಿ ಒಬ್ಳೇ ಎಂತ ನಗ್ತಿದ್ಯೇ?” ವೆಂಕಟ್ರಮಣ ಒಳಗಿನಿಂದ ಕೇಳಿದ.

“ಎಂತ ಇಲ್ಲ” ಅಂದಳು ದುರ್ಗಿ.